ಹಳದಿ ದಾರದ ಬಾಟಲಿ

ರಾಮನಗರದಲ್ಲಿ ನಾನಿರುವ ಬೀದಿಯ ಕೊನೆಗೆ ಒಂದು ಮಸೀದಿ ಇದೆ. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಅದರ ಮೆಟ್ಟಿಲ ಪಕ್ಕದಲ್ಲಿ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ನಿಲ್ಲುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಹಾಲು ಬಿಟ್ಟರೆ, ಕಾರಣವಿಲ್ಲದೆ ರಚ್ಚೆ ಹಿಡಿದರೆ ಅಲ್ಲಿಗೆ ಕರೆತರುತ್ತಾರೆ. ನಮಾಜು ಮುಗಿಸಿ ಹೊರಬರುವ ಹಿರಿಯರು ಬಾಯಲ್ಲೇ ಏನೋ ಓದಿಕೊಂಡು ಮಗುವಿನ ಮುಖದ ಮೇಲೆ ಮೆಲ್ಲಗೆ ಊದುತ್ತಾರೆ. ತಂದ ನೀರಿಗೂ ಒಂದು ಸಲ ಊದಿ ಕೊಡುತ್ತಾರೆ. ಆ ನೀರನ್ನು ಮನೆಗೆ ಒಯ್ದು ಮಗುವಿಗೆ ಒಂದೊಂದೇ ಗುಟುಕು ಕುಡಿಸುವುದು. ಕುಂಕುಮದವರು, ವಿಭೂತಿಯವರು, ಬುರ್ಖಾದವರು ಎಲ್ಲರದೂ ಒಂದೇ ಸಾಲು. ನಮ್ಮ ಕಡೆ ಇದಕ್ಕೆ ‘ಊದಿಸೋದು’ ಅಂತಲೇ ಹೆಸರು.

ಇದನ್ನೆಲ್ಲ ನೀನು ನಂಬುತ್ತೀಯಾ ಅಂತ ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಡಾಕ್ಟರಿಗೆ ತೋರಿಸಿಯೂ ಊದಿಸುತ್ತೇವೆ, ತೋರಿಸದೆಯೂ ಊದಿಸುತ್ತೇವೆ. ಅಜ್ಜಿಯರು ಲಟಿಕೆ ಮುರಿದು ದೃಷ್ಟಿ ತೆಗೆಯುವಾಗ ಯಾರೂ ಪುರಾವೆ ಕೇಳುವುದಿಲ್ಲ. ನಮ್ಮವ್ವನಂತೂ ಯಾವ ಕಡೆಯನ್ನೂ ಬಿಡುವವಳಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಗುವಿನ ಹಣೆಗೆ ಅಡ್ಡಕ್ಕೆ ವಿಭೂತಿ ಎಳೆಯುತ್ತಾಳೆ, ಸಂಜೆ ಅದೇ ಮಗುವನ್ನು ಎತ್ತಿಕೊಂಡು ಮಸೀದಿಗೆ ಹೊರಡುತ್ತಾಳೆ. “ಯಾವ್ ದ್ಯಾವ್ರು ಬಿಡುವಾಗಿರ್ತಾನೋ ಯಾರ್ ಕಂಡವ್ರೆ” ಅನ್ನುವುದು ಅವಳ ಸಿದ್ಧಾಂತ.

ಅವ್ವ ಇರುವುದು ಕೈಲಾಂಚದ ಕಡೆ, ನಮ್ಮ ಊರಿನಲ್ಲಿ, ನನ್ನ ತಮ್ಮನ ಜೊತೆ. ತಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಮೇಯಿಸುತ್ತಾನೆ, ಡೇರಿಗೆ ಹಾಲು ಹಾಕುತ್ತಾನೆ. ಅವನಿಗೆ ಎರಡು ದಾಟಿದ ಒಬ್ಬ ಮಗಳು. ನಾನು ಮದುವೆಯಾಗಿ ಈ ಬೀದಿಗೆ ಬಂದವಳು, ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತೇನೆ. ಮಗು ಒಂದು ರಾತ್ರಿ ಸರಿಯಾಗಿ ಮಲಗಲಿಲ್ಲ ಅಂದರೆ ಸಾಕು, ಮಾರನೇ ಮಧ್ಯಾಹ್ನದ ಬಸ್ಸಿಗೆ ಅವ್ವ ಮೊಮ್ಮಗಳ ಸಮೇತ ನನ್ನ ಮನೆಯಲ್ಲಿರುತ್ತಿದ್ದಳು.

ಅವಳಿಗೆ ಮಸೀದಿಯಿಂದ ಬರುವವರೆಲ್ಲ ಆಗುತ್ತಿರಲಿಲ್ಲ. ಅವಳ ಸಾಬರೇ ಬೇಕು. ಅವರು ನಮ್ಮ ಬೀದಿಯ ಹಿಂದಿನ ಓಣಿಯವರು. ಒಂದು ಕಾಲಕ್ಕೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು, ಕೆಲಸ ಬಿಟ್ಟ ಮೇಲೂ ಹಾಗೇ ಉಳಿದವು. ಬಾಯಲ್ಲಿ ಸದಾ ಒಂದು ಲವಂಗ. ನಮ್ಮಪ್ಪ ಮಾರ್ಕೆಟ್ಟಿಗೆ ಗೂಡು ತರುತ್ತಿದ್ದ ಕಾಲದಿಂದ ಅವ್ವನಿಗೆ ಅವರ ಪರಿಚಯ. ನನ್ನ ತಮ್ಮ ಚಿಕ್ಕವನಿದ್ದಾಗ ಮಹಾ ಪುಕ್ಕಲ. ನಿದ್ದೆಯಲ್ಲಿ ಕಿಟಾರನೆ ಕಿರುಚಿ ಎದ್ದು ಕೂರುತ್ತಿದ್ದ. ಅವ್ವ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನನ್ನನ್ನು ಕೈಹಿಡಿದು ಎಳೆದುಕೊಂಡು ಬಸ್ಸು ಹತ್ತಿಸುತ್ತಿದ್ದಳು. ಸಾಬರು ಊದಿದರೆ ಅವನಿಗೆ ಕಚಗುಳಿ. ಅವರ ಗಡ್ಡ ಹಿಡಿದುಕೊಂಡು ಇನ್ನೊಂದು ಸಲ ಊದು ಅಂತ ಹಟ ಮಾಡುತ್ತಿದ್ದ. ಅವರು ನಗುತ್ತಾ ಇನ್ನೊಂದು ಸಲ ಊದುತ್ತಿದ್ದರು.

ಇನ್ನು ಬಾಟಲಿಯ ಮಾತು. ಅವ್ವನ ಮನೆಯಲ್ಲಿ ಯಾವ ಬಾಟಲಿಯ ಮುಚ್ಚಳವೂ ಕಳೆದುಹೋಗುವುದಿಲ್ಲ, ಏಕೆಂದರೆ ಎಲ್ಲವನ್ನೂ ಬಾಟಲಿಯ ಕುತ್ತಿಗೆಗೆ ದಾರದಿಂದ ಕಟ್ಟಿರುತ್ತಾಳೆ. ಆಡಿನ ಕೊರಳಿಗೆ ಹಗ್ಗ ಕಟ್ಟಿದಂತೆ. ಕಟ್ಟಲು ಹಳದಿ ಕಚ್ಚಾ ರೇಷ್ಮೆಯ ದಾರವೇ ಆಗಬೇಕು. ಅದು ಹರಿಯುವುದಿಲ್ಲ, ಕೊಳೆಯುವುದಿಲ್ಲ. ಆ ದಾರವೂ ಸಾಬರ ಮನೆಯಿಂದಲೇ ಯಾವತ್ತೋ ಬಂದದ್ದು, ಒಂದು ಹಿಡಿ ಗಂಟು ಇನ್ನೂ ಅವಳ ಟ್ರಂಕಿನಲ್ಲಿದೆ.

ಆ ವಿಡಿಯೋ ಬಂದ ದಿನ ನಾನು ಒಂದು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ನಮ್ಮ ನೆಂಟರಿಷ್ಟರದೆಲ್ಲ ಒಂದು ವಾಟ್ಸಾಪ್ ಗ್ರೂಪಿದೆ. ಮದುವೆ, ತಿಥಿ, ಗುಡ್ ಮಾರ್ನಿಂಗ್ ಹೂವು ಎಲ್ಲ ಬರುವುದು ಅದರಲ್ಲೇ. ಹಾಕಿದವನು ನನ್ನ ತಮ್ಮ. ಮೇಲೆ ಬರೆದಿತ್ತು: ‘ಕುಡಿಯುವ ನೀರಿಗೆ ಉಗುಳುವುದನ್ನು ಕಣ್ಣಾರೆ ನೋಡಿ. ಇವರ ಅಂಗಡಿ ಬೇಡ, ಇವರ ಹೋಟೆಲು ಬೇಡ. ಇವರೆಲ್ಲ ಇಷ್ಟೇ. ಎಲ್ಲರಿಗೂ ಕಳಿಸಿ.’ ಒಬ್ಬ ಗಡ್ಡದ ಮುದುಕರು ಬಗ್ಗಿ ಬಾಟಲಿಯ ಬಾಯಿಗೆ ತುಟಿ ಹತ್ತಿರ ತಂದದ್ದು. ಕ್ಷಣದ ದೃಶ್ಯ. ಅದನ್ನೇ ನಿಧಾನ ಮಾಡಿ, ಮತ್ತೆ ಮತ್ತೆ ತೋರಿಸಿ, ತುಟಿಯ ಸುತ್ತ ಕೆಂಪು ವೃತ್ತ ಎಳೆದು, ದೆವ್ವದ ಸಿನಿಮಾದ ಸಂಗೀತ ಹಾಕಿದ್ದರು. ಎರಡೂ ಬದಿ ಕತ್ತರಿಸಿದ್ದರಿಂದ ಬಾಟಲಿ ಹಿಡಿದವರು ಯಾರು, ಎಲ್ಲಿ ನಿಂತಿದ್ದಾರೆ ಒಂದೂ ಕಾಣುತ್ತಿರಲಿಲ್ಲ.

ನನಗೆ ಮೊದಲು ಕಂಡದ್ದು ಮುದುಕರಲ್ಲ. ಕೆಳಗಿನ ಮೂಲೆಯಲ್ಲಿ ಒಂದು ಫ್ರಾಕಿನ ಅಂಚು. ಗಿಳಿಹಸಿರು ಬಟ್ಟೆ, ಅದಕ್ಕೆ ಕೆಂಪು ಪೈಪಿಂಗ್. ನನ್ನ ಕೈಯ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬರ ಬ್ಲೌಸಿನಲ್ಲಿ ಉಳಿದ ತುಂಡಿನಲ್ಲಿ ತಮ್ಮನ ಮಗಳಿಗೆ ಹೊಲಿದು ಕೊಟ್ಟದ್ದು. ಆಮೇಲೆ ಬಾಟಲಿ ನೋಡಿದೆ. ಕುತ್ತಿಗೆಯಲ್ಲಿ ಹಳದಿ ದಾರ, ತುದಿಯಲ್ಲಿ ಮುಚ್ಚಳ ನೇತಾಡುತ್ತಿದೆ. ಹಿಡಿದ ಕೈ ನಮ್ಮವ್ವನದು. ತಮ್ಮ ತನ್ನ ತಾಯಿಯ ಕೈಯನ್ನೂ ತನ್ನ ಮಗಳ ಫ್ರಾಕನ್ನೂ ತಾನು ಗಡ್ಡ ಹಿಡಿದಾಡಿದ ಸಾಬರನ್ನೂ ಊರಿಗೆಲ್ಲ ಹಂಚಿ, ಕೆಳಗೆ ಕೆಂಡ ಕಾರುವ ಮುಖದ ಚಿತ್ರ ಹಾಕಿದ್ದ. ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಕ್ಷಣ ಫೋನ್ ಮಾಡಿದೆ.

“ಏನ್ಲಾ ಅದು ನೀನು ಹಾಕಿರೋದು?”

“ಯಾವ್ದಕ್ಕಾ? ಓ, ಅದಾ. ನೋಡ್ದಾ ಎಂಗೆ ಮಾಡ್ತಾವ್ರೆ ಅಂತ? ಉತ್ತರದ ಕಡೆ ಯಾವ್ದೋ ಊರಂತೆ.”

“ಉತ್ತರವೂ ಇಲ್ಲ ದಕ್ಷಿಣವೂ ಇಲ್ಲ. ನಮ್ ಬೀದಿ ಕಣ್ಲಾ ಅದು. ಬಾಟ್ಲಿ ನೋಡು. ಫ್ರಾಕ್ ನೋಡು.”

ಫೋನಿನ ಆ ಕಡೆ ಹಸು ಕೂಗಿದ್ದು ಕೇಳಿಸಿತು. ಅವನು ನೋಡುತ್ತಿದ್ದಾನೆ ಅಂತ ಗೊತ್ತಾಯಿತು. “ಅಯ್ಯೋ, ಅವ್ವನ್ ಬಾಟ್ಲಿ” ಅಂದ.

“ಅವ್ವಂದೇ. ಊದ್ತಾ ಇರೋರು ಯಾರು ಅಂತ ಗೊತ್ತಾಯ್ತಾ ಈಗ?”

“ಗೊತ್ತಾಯ್ತು ಬುಡಕ್ಕ. ಅಳಿಸ್ಬುಡ್ತೀನಿ.”

ಅಳಿಸಿದ. ಅವನು ಒಳ್ಳೆಯವನೇ, ಒರಟನೂ ಅಲ್ಲ. ಆದರೆ ನಾನು ಅಷ್ಟಕ್ಕೇ ಬಿಡಲಿಲ್ಲ. ಅಳಿಸಿದರೆ ಸಾಲದು, ಇದು ಸುಳ್ಳು, ಇವರು ನಮಗೆ ಗೊತ್ತಿರುವವರು, ನಾವೇ ಊದಿಸಿಕೊಂಡು ಬಂದದ್ದು ಅಂತ ನೀನು ಎಲ್ಲೆಲ್ಲಿ ಹಾಕಿದ್ದೀಯೋ ಅಲ್ಲೆಲ್ಲ ಬರೆಯಬೇಕು ಅಂದೆ. ಅವನು ಅದನ್ನು ಹುಳ ಸಾಕುವವರ ಗ್ರೂಪಿಗೆ, ಡೇರಿಯವರ ಗ್ರೂಪಿಗೆ, ಪಕ್ಷದ ಹುಡುಗರ ಗ್ರೂಪಿಗೆ ಎಲ್ಲ ಕಳಿಸಿದ್ದ.

“ಅಂಗೆ ಬರೆದ್ರೆ ನನ್ ಮಕಕ್ಕೆ ಉಗೀತಾರೆ ಕಣಕ್ಕ. ನಿಮ್ಮವ್ವ ಯಾಕ್ ಓಗಿದ್ಲು ಅಂತ ಕೇಳ್ತಾರೆ. ನಾನೇನ್ ಸಾಬ್ರನ್ನ ಕೆಟ್ಟೋರು ಅಂದ್ನಾ? ಅವ್ರು ಒಳ್ಳೇರು. ನಾನ್ ಹೇಳ್ತಿರೋದು ಇವ್ರು ಮಾಡೋದ್ನ.”

“ಇವ್ರು ಅಂದ್ರೆ ಯಾರ್ಲಾ?”

“ಅದೇ, ಇವ್ರು.”

“ಬರೋ ವಾರ ಗೂಡು ತತ್ತೀಯಲ್ಲ ಮಾರ್ಕೆಟ್ಗೆ, ಯಾರಿಗೆ ಮಾರ್ತೀಯ?”

“ಯಾಪಾರ ಬೇರೆ ಬುಡಕ್ಕ” ಅಂದು ಫೋನಿಟ್ಟ.

ಆ ‘ಇವ್ರು’ ಅನ್ನುವವರನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ತಮ್ಮನಿಗೆ ಗೊತ್ತಿರುವ ಒಬ್ಬೊಬ್ಬ ಮುಸಲ್ಮಾನನೂ ಒಳ್ಳೆಯವನೇ. ಗೂಡು ಕೊಳ್ಳುವವನು ಒಳ್ಳೆಯವನು, ಬೈಕ್ ರಿಪೇರಿಯವನು ಒಳ್ಳೆಯವನು, ಅವನ ಜೊತೆ ಶಾಲೆಯಲ್ಲಿ ಓದಿದವನಂತೂ ಚಿನ್ನ. ಅವರನ್ನೆಲ್ಲ ತೆಗೆದಿಟ್ಟ ಮೇಲೂ ಅವನ ತಲೆಯಲ್ಲಿ ‘ಇವ್ರು’ ಅಂತ ಒಂದು ದೊಡ್ಡ ಗುಂಪು ಹಾಗೇ ನಿಂತಿರುತ್ತದೆ. ಅವರನ್ನು ಅವನು ಕಂಡಿದ್ದು ಫೋನಿನಲ್ಲಿ ಮಾತ್ರ.

ಅವನು ಬರೆಯದಿದ್ದರೆ ನಾನು ಬರೆಯುತ್ತೇನೆ ಅಂತ ಕೂತೆ. ನನಗೆ ಕನ್ನಡ ಒತ್ತಲು ನಿಧಾನ. ನೆಂಟರ ಗ್ರೂಪಿನಲ್ಲಿ ಹೀಗೆ ಹಾಕಿದೆ: ‘ಇದು ನಮ್ಮ ಬೀದಿ. ಬಾಟಲಿ ನಮ್ಮವ್ವನದು. ಅವರು ಉಗುಳಿಲ್ಲ, ಮಗುವಿಗೆ ಊದಿದ್ದಾರೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಚಿಕ್ಕಂದಿನಲ್ಲಿ ಊದಿಸಿದ್ದಾರೆ ಅಂತ ನಿಮ್ಮ ನಿಮ್ಮ ಅವ್ವಂದಿರನ್ನು ಕೇಳಿ.’ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಅದರ ಅರ್ಥ ಏನೋ ಇವತ್ತಿಗೂ ತಿಳಿಯದು. ಒಬ್ಬ ಚಿಕ್ಕಪ್ಪ, ‘ಇದು ಸುಳ್ಳಿರಬಹುದು, ಆದರೆ ನಿಜವಾದದ್ದು ಬೇರೆ ಇವೆ’ ಅಂತ ಇನ್ನೂ ಎರಡು ವಿಡಿಯೋ ಹಾಕಿದರು. ಅವ್ವನ ಸೋದರಸೊಸೆ ಒಬ್ಬಳು, ‘ಅತ್ತೆ ಈ ವಯಸ್ಸಿನಲ್ಲಿ ಅಲ್ಲಿಗೆಲ್ಲ ಯಾಕೆ ಹೋಗಬೇಕಿತ್ತು, ನಮಗೆ ದೇವರಿಲ್ಲವೇ’ ಅಂದಳು. ಅವಳ ಮಗನಿಗೆ ಊದಿಸಲು ಅವ್ವನೇ ಜೊತೆಗೆ ಬಂದಿದ್ದಳು, ನಾನೇ ಟೀ ಮಾಡಿ ಕೊಟ್ಟಿದ್ದೆ. ಆಮೇಲೆ ಯಾರೋ ಒಂದು ನಾಮಕರಣದ ಕರೆಯೋಲೆ ಹಾಕಿದರು, ಮಾತು ಅಲ್ಲಿಗೆ ತೇಲಿಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ.

ಹೊರಗೆ ಅದು ಇನ್ನೂ ಕೆಟ್ಟದಾಗಿತ್ತು. ಫೇಸ್‌ಬುಕ್ಕಿನಲ್ಲಿ ಒಂದು ಕಡೆ ಅದೇ ವಿಡಿಯೋದ ಕೆಳಗೆ ಜಗಳ ಹತ್ತಿತ್ತು. ಒಂದು ಪಕ್ಷದವರು ಉಗುಳು ಉಗುಳು ಅಂತ ಬರೆದಿದ್ದರು. ಎದುರು ಪಕ್ಷದವರು ಇದು ಕಂಪ್ಯೂಟರಿನಲ್ಲಿ ಮಾಡಿದ್ದು, ಇಂಥ ಮನುಷ್ಯರೇ ಇಲ್ಲ ಅಂತ ಬರೆದಿದ್ದರು. ಒಬ್ಬ ಬುದ್ಧಿವಂತ, ಊದಿದ್ದು ನಿಜವಾದರೂ ಮೂಢನಂಬಿಕೆ, ಊದಿಸಿಕೊಂಡವಳನ್ನು ಮೊದಲು ಒದೆಯಬೇಕು ಅಂದಿದ್ದ. ಯಾರಿಗೂ ಆ ಮುದುಕರು ಬೇಕಿರಲಿಲ್ಲ. ನಾನು ಅಲ್ಲೂ ಬರೆದೆ. ನನ್ನ ಜಾತಿ ಕೇಳಿದರು, ಎಷ್ಟು ಕೊಟ್ಟಿದ್ದಾರೆ ಅಂತ ಕೇಳಿದರು, ಮಗಳನ್ನು ಯಾರಿಗೆ ಕೊಟ್ಟಿದ್ದೀಯ ಅಂತ ಕೇಳಿದರು. ನನಗೆ ಮಗಳೇ ಇಲ್ಲ. ಫೋನು ಮುಚ್ಚಿಟ್ಟೆ.

ಕೆಲವು ದಿನಕ್ಕೆ ಮಾಗಡಿ ಕಡೆಯ ಒಬ್ಬರು ಅದನ್ನು ‘ಮಾಗಡಿಯಲ್ಲಿ ನಡೆದದ್ದು’ ಅಂತ ಕಳಿಸಿದರು. ಆಮೇಲೆ ಕನಕಪುರದ ಸಂತೆಯಲ್ಲಿ ಅಂತ ಬಂತು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಜ್ಯೂಸ್ ಮಾರುವವನು ಅಂತ ಬಂತು. ಓಣಿ ಬಿಟ್ಟು ಹೋಗದ ನಮ್ಮ ಸಾಬರು ಜಿಲ್ಲೆಯೆಲ್ಲ ಸುತ್ತಿಬಿಟ್ಟರು. ಪ್ರತಿ ಸಲವೂ ಕೆಳಗಿನ ಮೂಲೆಯಲ್ಲಿ ನನ್ನ ಕೆಂಪು ಪೈಪಿಂಗ್.

ಅವ್ವನಿಗೆ ಹೇಳಲೇಬೇಕಾಯಿತು. ಯಾರಾದರೂ ಹೇಳುವ ಮೊದಲು ನಾನೇ ಊರಿಗೆ ಹೋಗಿ ತೋರಿಸಿದೆ. ಅವಳಿಗೆ ಮೊದಲು ಸಂತೋಷವೇ ಆಯಿತು. “ನನ್ ಬಾಟ್ಲಿ ನೋಡು, ಎಷ್ಟ್ ಚೆಂದಾಗ್ ಕಾಣ್ತೈತೆ” ಅಂದಳು. ಬರೆದದ್ದನ್ನು ಓದಿ ಹೇಳಿದ ಮೇಲೆ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ಉಗುದ್ ನೀರ್ನ ಮಗೀಗೆ ಕುಡಿಸಾಕೆ ನಂಗೇನ್ ಬುದ್ಧಿ ಕೆಟ್ಟಿತ್ತಾ? ಅಲ್ಲೇ ನಿಂತಿದ್ನಲ್ಲ ನಾನು. ನನ್ ಕೇಳಿದ್ರೆ ಹೇಳ್ತಿದ್ದೆ” ಅಂದಳು.

“ಯಾರೂ ಕೇಳಾದಿಲ್ಲ ಕಣವ್ವ.”

“ಇದ್ಕೆ ಯಜಮಾನ ಅಂತ ಒಬ್ರು ಇರ್ಬೇಕಲ್ಲ. ಯಾರವ್ರು? ಅವ್ರ ಮನೆಗೆ ಓಗಿ ಹೇಳ್ ಬರಾವ. ನಾನ್ ಬತ್ತೀನಿ.”

ಊರಿನಲ್ಲಿ ಯಾರ ಮೇಲಾದರೂ ಸುಳ್ಳು ಅಪವಾದ ಬಂದರೆ ಹಿರಿಯರ ಜಗುಲಿಗೆ ಹೋಗಿ, ನಾನು ಕಂಡದ್ದು ಹೀಗೆ ಅಂತ ಹೇಳಿ ಬಂದು ಬಗೆಹರಿಸಿಕೊಂಡವಳು ಅವಳು. ಫೋನಿಗೆ ಜಗುಲಿ ಇಲ್ಲ ಅಂತ ಅವಳಿಗೆ ಹೇಗೆ ಹೇಳುವುದು? ಪೊಲೀಸರ ಹತ್ತಿರ ಹೋಗೋಣವೇ ಅಂತ ನಾನೂ ಯೋಚಿಸಿದ್ದೆ. ಸಾಕ್ಷಿಗೆ ಅವ್ವನೇ ಬೇಕು. ತಮ್ಮ, “ನನ್ ಹೆಸ್ರು ಬತ್ತದೆ ಕಣಕ್ಕ, ದಮ್ಮಯ್ಯ” ಅಂತ ಕೈ ಹಿಡಿದುಕೊಂಡ. ಸಾಬರ ಮನೆಯವರಿಗೂ ಅದು ಬೇಡವಾಗಿತ್ತು.

ಅದು ನನಗೆ ತಿಳಿದದ್ದು ಅವರ ಸೊಸೆಯಿಂದ. ಅವಳು ಮೊದಲಿನಿಂದಲೂ ಬಟ್ಟೆ ಹೊಲಿಸುವುದು ನನ್ನ ಹತ್ತಿರವೇ. ಒಂದು ಮಧ್ಯಾಹ್ನ ಚೂಡಿದಾರದ ಅಳತೆ ಕೊಡಲು ಬಂದಳು. ಟೇಪು ಹಿಡಿದು ಅವಳ ಹಿಂದೆ ನಿಂತಿದ್ದರಿಂದ ಮುಖ ನೋಡುವ ಕಷ್ಟ ತಪ್ಪಿತ್ತು. ಮಾವ ಹೇಗಿದ್ದಾರೆ ಅಂತ ಕೇಳಿದೆ.

“ಚೆನ್ನಾಗಿದ್ದಾರೆ. ಅನ್ನ ಒಸಿ ಕಮ್ಮಿ ಆಗಿದೆ” ಅಂದಳು. ಆಮೇಲೆ, “ಅದು ಯಾರ್ ಬಾಟ್ಲಿ ಅಂತ ಅವರಿಗೆ ಗೊತ್ತು ಅಕ್ಕ. ನಮಗೆ ಹೇಳಿಲ್ಲ ಅವರು. ಬಡಾವಣೆ ಹುಡುಗರು ಬಂದು ಯಾರು ಆಯಮ್ಮ, ಕರ್ಕೊಂಡ್ ಬಂದು ಹೇಳ್ಸಣ ಅಂತ ಕೇಳಿದ್ರು. ನೆನಪಿಲ್ಲ ಅಂದ್ಬಿಟ್ರು” ಅಂದಳು.

ನಾನು ಎದೆಯ ಅಳತೆ ತಪ್ಪಾಗಿ ಬರೆದುಕೊಂಡೆ. ಅದು ನಮ್ಮವ್ವ ಅಂತ ಅವಳಿಗೆ ಹೇಳಿದೆ. ಅವಳು, “ನನಗೂ ಗೊತ್ತು, ಫ್ರಾಕ್ ನೀವೇ ಹೊಲ್ದಿದ್ದಲ್ವಾ” ಅಂದಳು. ಯಾವಾಗ ಬರಲಿ ಅಂತ ಕೇಳಿ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನ ಮಗಳಿಗೆ ಜ್ವರ ಬಂತು. ಡಾಕ್ಟರ ಔಷಧಿಗೆ ಜ್ವರ ಇಳಿಯಿತು, ಆದರೆ ಮಗು ನಿದ್ದೆಯಲ್ಲಿ ಕಿರುಚಿ ಎದ್ದು ಕೂರತೊಡಗಿತು. ಅಪ್ಪನ ಹಾಗೇ. ಒಂದು ಬೆಳಿಗ್ಗೆ ತಮ್ಮನ ಫೋನು.

“ಅಕ್ಕ, ಇವತ್ತು ಅವ್ವನ್ನೂ ಮಗೀನೂ ಕರ್ಕಂಡ್ ಬತ್ತೀನಿ. ಒಸಿ ಊದ್ಸ್ಕಂಡ್ ಬನ್ನಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನೀನೇ ಎತ್ಕಂಡ್ ಓಗು” ಅಂದೆ.

“ನಾನ್ ಎಂಗಕ್ಕ ನಿಂತ್ಕಳ್ಳಿ ಅಲ್ಲಿ? ನಮ್ ಹುಡುಗ್ರು ಯಾರಾದ್ರೂ ನೋಡ್ಬುಟ್ರೆ? ಹಿಂದ್ಗಡೆ ಬಾಗ್ಲಲ್ಲಿ ಆದ್ರೆ ನೋಡಿ. ನಾನು ಮೂಲೇಲಿ ಗಾಡಿ ಹಾಕ್ಕಂಡ್ ಇರ್ತೀನಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೈಯಲು ಬಾಯಿ ತೆರೆದೆ, ಆದರೆ ಹಿಂದಿನಿಂದ ಮಗು ಅಳುವುದು ಕೇಳಿಸಿತು. ಬಾ ಅಂದೆ.

ಸಂಜೆ ಅವ್ವ, ಮಗು, ನಾನು ಹೋದೆವು. ಹಿಂದಿನ ಬಾಗಿಲಿಗೆ ಅವ್ವ ಒಪ್ಪಲಿಲ್ಲ. “ನಾನೇನ್ ಕದಿಯಾಕ್ ಬಂದಿವ್ನಾ?” ಅಂದು ಮೆಟ್ಟಿಲ ಪಕ್ಕ ತನ್ನ ಹಳೆಯ ಜಾಗದಲ್ಲೇ ನಿಂತಳು. ಮೊದಲಿನ ಸಾಲು ಇರಲಿಲ್ಲ. ನಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ನಮಾಜು ಮುಗಿಸಿ ಬಂದವರು ನಮ್ಮನ್ನು ಕಂಡೂ ಕಾಣದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಬೇಗ ಬೇಗ ಹೊರಟರು. ಕೊನೆಗೆ ಸಾಬರು ಬಂದರು. ಎಷ್ಟು ಇಳಿದುಹೋಗಿದ್ದರು. ಅವ್ವ ಬಾಟಲಿಯ ಮುಚ್ಚಳ ತಿರುಗಿಸಿ ಬಿಟ್ಟಳು, ಅದು ದಾರದಲ್ಲಿ ನೇತಾಡಿತು.

ಸಾಬರು ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡೇ ಮಾತಾಡಿದರು.

“ಬ್ಯಾಡಮ್ಮ” ಅಂದರು.

“ಮಗು ಬೆಚ್ತಾ ಐತೆ ಸಾಬ್ರೇ. ಇದ್ರಪ್ಪನ್ಗೂ ನೀವೇ ಊದಿದ್ದು.”

“ಗೊತ್ತಮ್ಮ. ಒಳಗೇ ಕೇಳ್ಕೊಂಡಿದ್ದೀನಿ ಮಗೂಗೋಸ್ಕರ. ಇಲ್ಲಿ ಬ್ಯಾಡ. ಯಾರಾದ್ರೂ ಹಿಡೀತಾರೆ. ನಾಳೆ ಮಗೂ ಮುಖಾನೂ ಹಾಕ್ತಾರೆ.”

“ಹಾಕ್ಲಿ. ನಾನ್ ಇದೀನಲ್ಲ, ನಾನ್ ಹೇಳ್ತೀನಿ.”

“ಆವತ್ತೂ ನೀವಿದ್ರಲ್ಲಮ್ಮ” ಅಂದರು.

ಕೋಪದಿಂದ ಅಂದದ್ದಲ್ಲ. ಕೋಪದಿಂದ ಅಂದಿದ್ದರೆ ನಾನು ಏನಾದರೂ ಉತ್ತರ ಹೇಳುತ್ತಿದ್ದೆ. ಮಗು ಗಡ್ಡ ಹಿಡಿಯಲು ಕೈ ಚಾಚಿತು. ಸಾಬರು ಹಿಂದಕ್ಕೆ ಸರಿದರು. ಟವೆಲ್ಲಿನ ಮೇಲೆ ಆ ಬಿಳಿಚಿದ ಬೆರಳುಗಳು ಮಾತ್ರ ಕಾಣುತ್ತಿದ್ದವು. ತಲೆ ಬಗ್ಗಿಸಿ, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು, ಓಣಿಯ ಕಡೆ ನಡೆದರು. ಕರೆದು ನಿಲ್ಲಿಸುವ ಹಕ್ಕು ನಮಗಿರಲಿಲ್ಲ. ಇಷ್ಟು ಅಸಹಾಯಕಳಾಗಿ ನಾನು ಯಾವತ್ತೂ ನಿಂತಿಲ್ಲ.

ಬೀದಿಯ ಮೂಲೆಯಲ್ಲಿ ತಮ್ಮ ಬೈಕಿನ ಮೇಲೆ ಕೂತಿದ್ದ. ಕತ್ತಲಾಗುತ್ತಿದ್ದರೂ ಹೆಲ್ಮೆಟ್ ತೆಗೆದಿರಲಿಲ್ಲ. ಗಾಜು ಮೇಲೆತ್ತಿ ಕೇಳಿದ.

“ಊದುದ್ರಾ?”

ಅವ್ವ ಬಾಟಲಿಯ ಮುಚ್ಚಳ ಹಾಕಿ, ದಾರ ಸರಿಮಾಡಿ, ಅದನ್ನು ಅವನ ಕೈಗೆ ಕೊಟ್ಟಳು.

“ಇಲ್ಲ ಕಣಪ್ಪ. ನಿನ್ ಮೊಬೈಲ್ನಾಗೆ ಊದ್ತಾವ್ರಲ್ಲ, ಅದ್ನೇ ತೋರ್ಸು ಮಗೀಗೆ.”

ಮೊಬೈಲ್ ಅಂದದ್ದು ಕೇಳಿ ಮಗು ಅಪ್ಪನ ಜೇಬಿನ ಕಡೆಗೆ ಎರಡೂ ಕೈ ಚಾಚಿತು.